ಕಾಸು, ದುಡ್ಡು, ಹಣ: ಜೇಬಲ್ಲಿ ಚಿಲ್ಲರೆಯೇ ಇಲ್ಲದ ಮೇಲೆ ನಾಣ್ಯ ಸಂಗ್ರಹ ಎಲ್ಲಿಂದ?

ಬಸ್ಸಲ್ಲೋ ಮೆಟ್ರೋದಲ್ಲೋ ಇಯರ್‌ಫೋನ್ ಹಾಕ್ಕೊಂಡು ಕೂತಿದ್ದೀರಿ ಅಂದ್ಕೊಳ್ತೀನಿ. ಒಂದು ಕೆಲಸ ಮಾಡಿ. ಜೇಬಿಗೋ ಬ್ಯಾಗಿನ ಸೈಡ್ ಜಿಪ್ಪಿಗೋ ಕೈ ಹಾಕಿ, ಒಂದಾದ್ರೂ ನಾಣ್ಯ ಇದೆಯಾ ನೋಡಿ. ಇಲ್ಲ ಅಂದ್ರೆ ಬೇಜಾರಿಲ್ಲ, ನನ್ನ ಹತ್ರಾನೂ ಇಲ್ಲ. ಬೆಳಗ್ಗೆ ಕಾಫಿಗೆ ಫೋನಲ್ಲೇ ಸ್ಕ್ಯಾನ್ ಮಾಡ್ದೆ, ಆಟೋಗೂ ಅದೇ.

ಇವತ್ತಿನ ಮಾತು ನಾಣ್ಯ ಮತ್ತು ಅಂಚೆಚೀಟಿ ಸಂಗ್ರಹದ ಬಗ್ಗೆ. ನಿಮ್ಮ ಚಿಕ್ಕಪ್ಪನೋ ಸೋದರಮಾವನೋ ಅಟ್ಟದ ಮೇಲೆ ಬಿಸ್ಕೆಟ್ ಡಬ್ಬಿಯಲ್ಲಿ ಇಟ್ಟಿರ್ತಾರಲ್ಲ, ಅದೇ. ನಾಣ್ಯ ಓಡಾಡೋದು ನಿಂತು, ಪತ್ರ ಬರೋದೂ ನಿಂತ ಮೇಲೆ ಈ ಹವ್ಯಾಸಕ್ಕೆ ಮುಂದೆ ಏನು ಉಳಿಯುತ್ತೆ ಅನ್ನೋದು ಪ್ರಶ್ನೆ. ಅದಕ್ಕೆ ಮೊದಲು ಹಿಂದೆ ಏನಿತ್ತು ಅಂತ ನೋಡಬೇಕು.

ನಾವು ದಿನಾ ಬಳಸೋ ಮೂರು ಪದ ತಗೊಳ್ಳಿ. ಹಣ, ದುಡ್ಡು, ಕಾಸು. ಮೂರಕ್ಕೂ ಈಗ ಒಂದೇ ಅರ್ಥ. ಆದರೆ ಒಂದು ಕಾಲಕ್ಕೆ ಇವು ಮೂರು ಬೇರೆ ಬೇರೆ ನಾಣ್ಯಗಳ ಹೆಸರು. ಹಣ ಅಂದ್ರೆ ಚಿನ್ನದ ಪುಟಾಣಿ ನಾಣ್ಯ, ತೂಕ ಒಂದು ಗ್ರಾಮಿನ ಮೂರನೇ ಒಂದು ಭಾಗದಷ್ಟು. ಕಿರುಬೆರಳ ಉಗುರಿಗಿಂತ ಚಿಕ್ಕದು, ಜೋರಾಗಿ ಸೀನಿದರೆ ಹಾರಿಹೋಗುತ್ತೆ. ವಿಜಯನಗರದ ಲೆಕ್ಕದಲ್ಲಿ ಇಂಥ ಹತ್ತು ಹಣ ಸೇರಿದರೆ ಒಂದು ವರಹ. ದುಡ್ಡು ಅಂದ್ರೆ ತಾಮ್ರದ್ದು, ಕಾಸು ಅದಕ್ಕಿಂತ ಸಣ್ಣದು. ಶ್ರೀರಂಗಪಟ್ಟಣದಲ್ಲಿ ಟಂಕಸಾಲೆ ತೆರೆದ ಕಂಠೀರವ ನರಸರಾಜ ಒಡೆಯರ ಕಾಲದ ಹಣಕ್ಕೆ ಕಂಠೀರಾಯ ಹಣ ಅಂತಲೇ ಹೆಸರು. ಆ ನಾಣ್ಯಗಳು ಚಲಾವಣೆಯಿಂದ ಹೋಗಿ ಎಷ್ಟೋ ಕಾಲ ಆಯ್ತು, ಹೆಸರು ಮಾತ್ರ ನಮ್ಮ ಬಾಯಲ್ಲಿ ಉಳಿದಿದೆ. 'ಕೈಯಲ್ಲಿ ಕಾಸಿಲ್ಲ' ಅಂತ ಯುಪಿಐ ಬ್ಯಾಲೆನ್ಸ್ ನೋಡಿ ಹೇಳ್ತೀವಿ.

ಹೊಯ್ಸಳರ ವಿಷ್ಣುವರ್ಧನ ಚೋಳರಿಂದ ತಲಕಾಡನ್ನು ಗೆದ್ದ. ಗೆದ್ದವನು ಚಿನ್ನದ ನಾಣ್ಯದ ಮೇಲೆ ಕನ್ನಡದಲ್ಲಿ 'ಶ್ರೀ ತಳಕಾಡುಗೊಂಡ' ಅಂತ ಹಾಕಿಸಿದ. ಇನ್ನೊಂದು ಬಗೆಯ ನಾಣ್ಯದಲ್ಲಿ 'ಶ್ರೀ ನೊಳಂಬವಾಡಿಗೊಂಡ'. ಸ್ಟೇಟಸ್ ಅಪ್‌ಡೇಟ್ ಅಂದ್ರೆ ಇದಪ್ಪ! ಸಂತೆಯಿಂದ ಸಂತೆಗೆ, ಕೈಯಿಂದ ಕೈಗೆ ಸುದ್ದಿ ಹೋಗ್ತಿತ್ತು.

ನನಗೆ ಎಲ್ಲಕ್ಕಿಂತ ಇಷ್ಟವಾದ ಕತೆ ಬೇರೆ ಇದೆ. ವಿಜಯನಗರದ ಎರಡನೇ ಹರಿಹರ ತನ್ನ ಚಿನ್ನದ ನಾಣ್ಯಗಳ ಮೇಲೆ ಪಕ್ಕಪಕ್ಕ ಕೂತ ಶಿವ ಪಾರ್ವತಿಯರನ್ನು ಹಾಕಿಸಿದ್ದ. ಸಾಮ್ರಾಜ್ಯ ಬಿತ್ತು. ಮಲೆನಾಡಿನ ಇಕ್ಕೇರಿ ನಾಯಕರು ಅದೇ ಚಿತ್ರ ಇಟ್ಟುಕೊಂಡು ಇಕ್ಕೇರಿ ವರಹ ಹೊರಡಿಸಿದರು. ಆಮೇಲೆ 1763ರಲ್ಲಿ ಹೈದರ್ ಅಲಿ ಬಿದನೂರನ್ನು ವಶಪಡಿಸಿಕೊಂಡ. ಈಗ ನೀವೇ ಊಹಿಸಿ, ಗೆದ್ದವನು ಏನು ಮಾಡಬೇಕು? ಹಳೇ ನಾಣ್ಯ ಕರಗಿಸಿ ತನ್ನ ಹೆಸರಿನದ್ದು ಹೊರಡಿಸಬೇಕು, ಅಲ್ವಾ? ಹೈದರ್ ಹಾಗೆ ಮಾಡಲಿಲ್ಲ. ಒಂದು ಬದಿಯಲ್ಲಿ ಶಿವ ಪಾರ್ವತಿಯರನ್ನು ಹಾಗೇ ಉಳಿಸಿದ. ಇನ್ನೊಂದು ಬದಿಯಲ್ಲಿ ತನ್ನ ಹೆಸರಿನ ಮೊದಲ ಅಕ್ಷರವನ್ನು ಪರ್ಶಿಯನ್ ಲಿಪಿಯಲ್ಲಿ ಹಾಕಿಸಿದ. ಒಂದೇ ಒಂದು ಅಕ್ಷರ.

ಇದರ ಹಿಂದೆ ಇರೋದು ವ್ಯಾಪಾರ ಅಂತ ನನ್ನ ಲೆಕ್ಕ. ಕರಾವಳಿಯಿಂದ ಬಯಲುಸೀಮೆ ತನಕ ಮೆಣಸು, ಅಕ್ಕಿ, ಅಡಿಕೆ ಮಾರುವವರು ಆ ಚಿತ್ರ ನೋಡಿಯೇ ಚಿನ್ನದ ಗುಣ ನಂಬ್ತಿದ್ದರು. ಚಿತ್ರ ಬದಲಾದರೆ ಸಾಹುಕಾರ ನಾಣ್ಯವನ್ನು ಕಲ್ಲಿಗೆ ಉಜ್ಜಿ ನೋಡಿ ಬಟ್ಟ ಕಡಿಮೆ ಮಾಡ್ತಾನೆ. ಆಮೇಲೆ ಮುಮ್ಮಡಿ ಕೃಷ್ಣರಾಜ ಒಡೆಯರು ಬಂದಾಗಲೂ ವರಹದ ಮೇಲೆ ಅದೇ ಶಿವ ಪಾರ್ವತಿ. ಸುಮಾರು 400 ವರ್ಷ, ನಾಲ್ಕು ಬೇರೆ ಬೇರೆ ಆಳ್ವಿಕೆ, ಒಂದೇ ಚಿತ್ರ. ಇದನ್ನು ನಾನು ಪಠ್ಯಪುಸ್ತಕದಲ್ಲಿ ಓದಿದ್ದಲ್ಲ. ಮೇಜಿನ ಮೇಲೆ ನಾಲ್ಕು ನಾಣ್ಯ ಸಾಲಾಗಿ ಇಟ್ಟು ಒಬ್ಬ ಸಂಗ್ರಹಕಾರರು ತೋರಿಸಿದ್ದು. ಅವರು ವೃತ್ತಿಯಲ್ಲಿ ಬ್ಯಾಂಕ್ ಗುಮಾಸ್ತರು, ಇತಿಹಾಸದ ಪ್ರೊಫೆಸರ್ ಅಲ್ಲ.

ಟಿಪ್ಪುವಿನದ್ದು ಇನ್ನೊಂದು ದಾರಿ. ಅವನ ತಾಮ್ರದ ನಾಣ್ಯಗಳ ಮೇಲೆ ಆನೆ. ಒಂದೊಂದಕ್ಕೂ ಆಕಾಶಕಾಯದ ಹೆಸರು ಇಟ್ಟ: ಪೈಸೆಗೆ ಜೊಹ್ರಾ ಅಂದ್ರೆ ಶುಕ್ರ, ಅರ್ಧ ಪೈಸೆಗೆ ಬಹ್ರಾಮ್ ಅಂದ್ರೆ ಮಂಗಳ, ಕಾಲು ಪೈಸೆಗೆ ಅಖ್ತರ್, ಅಂದ್ರೆ ನಕ್ಷತ್ರ. ಹಿಜರಿ ಶಕೆ ಬಿಟ್ಟು ಪ್ರವಾದಿಯವರ ಜನನದಿಂದ ಎಣಿಸುವ ಮೌಲೂದಿ ಶಕೆ ತಂದ, ಅಂಕಿಗಳನ್ನು ಬಲದಿಂದ ಎಡಕ್ಕೆ ಬರೆಸಿದ. ಹೊಸದಾಗಿ ಸಂಗ್ರಹ ಶುರು ಮಾಡಿದವರು ಟಿಪ್ಪು ನಾಣ್ಯದ ಇಸವಿ ಓದೋಕೆ ಹೋಗಿ ತಲೆ ಕೆರ್ಕೊಳ್ಳೋದು ಇದಕ್ಕೇ. ಊರುಗಳಿಗೆ, ಟಂಕಸಾಲೆಗಳಿಗೆ ಇಟ್ಟ ಹೊಸ ಹೆಸರುಗಳೂ ನಾಣ್ಯದ ಮೇಲಿವೆ. ಮೈಸೂರಿನ ನಜರ್‌ಬಾದ್‌ನಲ್ಲಿ ಓಡಾಡಿದ್ದೀರಾ? ಆ ಹೆಸರು ಆ ಕಾಲದ್ದೇ.

ಸರಿ, ಈಗ ಸ್ವಲ್ಪ ಕಹಿ ವಿಷಯ. 1891ರಲ್ಲಿ ಬೆಂಗಳೂರಿನ ಯಶವಂತಪುರದ ಹತ್ತಿರ ರೈಲ್ವೆ ಕೆಲಸ ನಡೆಯುವಾಗ ನೆಲದೊಳಗಿಂದ ರೋಮನ್ ಬೆಳ್ಳಿ ನಾಣ್ಯಗಳು ಬಂದವು, ನೂರೈವತ್ತಕ್ಕೂ ಹೆಚ್ಚು. ಅಗಸ್ಟಸ್, ಟೈಬೀರಿಯಸ್, ಕ್ಲಾಡಿಯಸ್ ಚಕ್ರವರ್ತಿಗಳ ಕಾಲದವು. ಎರಡು ಸಾವಿರ ವರ್ಷದ ಹಿಂದೆ ಯಾವುದೋ ದಾರಿಯಲ್ಲಿ ರೋಮಿನ ಬೆಳ್ಳಿ ನಮ್ಮ ಯಶವಂತಪುರದ ತನಕ ಬಂದಿತ್ತು. ಇದು ನಮಗೆ ಗೊತ್ತಾಗಿದ್ದು ಆ ನಾಣ್ಯಗಳು ಒಟ್ಟಿಗೆ ಸಿಕ್ಕಿ, ಯಾರೋ ಬರೆದಿಟ್ಟಿದ್ದರಿಂದ. ಅವೇ ನಾಣ್ಯಗಳು ಒಂದೊಂದಾಗಿ ಅಕ್ಕಸಾಲಿಗರ ಮೂಸೆ ಸೇರಿದ್ದರೆ? ಕಡಗ ಆಗ್ತಿತ್ತು, ಅಷ್ಟೇ.

ಹಾಗೆ ಕಡಗ ಆದವು ಎಷ್ಟೋ. ಪಾಯ ಅಗೆಯುವಾಗ ಮಡಕೆ ಸಿಕ್ಕರೆ ಜನ ಹೆದರ್ತಾರೆ, ಸರ್ಕಾರ ಕಿತ್ಕೊಳ್ಳುತ್ತೆ ಅಂತ ರಾತ್ರೋರಾತ್ರಿ ಕರಗಿಸ್ತಾರೆ. ನಿಜ ಏನಂದ್ರೆ, 1878ರ ನಿಧಿ ಕಾಯ್ದೆ ಇದೆ, ಕರ್ನಾಟಕದ್ದೇ 1962ರ ನಿಧಿ ಕಾಯ್ದೆಯೂ ಇದೆ. ಸಿಕ್ಕಿದ್ದನ್ನು ಜಿಲ್ಲಾಡಳಿತಕ್ಕೆ ತಿಳಿಸಬೇಕು, ತಿಳಿಸದೆ ಮುಚ್ಚಿಟ್ಟರೆ ಅಪರಾಧ. 1972ರ ಪುರಾತನ ವಸ್ತು ಕಾಯ್ದೆ ಪ್ರಕಾರ 100 ವರ್ಷಕ್ಕಿಂತ ಹಳೇ ನಾಣ್ಯವನ್ನು ದೇಶದ ಹೊರಗೆ ಸಾಗಿಸೋ ಹಾಗಿಲ್ಲ. ಇಲ್ಲೇ ಸಂಗ್ರಹಕಾರರ ಬಗ್ಗೆ ನನಗೊಂದು ಅಸಮಾಧಾನ ಇದೆ. ನಾಣ್ಯ ಉಳಿಸಿದವರು ಅವರೇ, ಒಪ್ಪೋಣ. ಆದರೆ 'ಇದು ಎಲ್ಲಿ ಸಿಕ್ಕಿತು, ಜೊತೆಗೆ ಏನೇನಿತ್ತು' ಅಂತ ಕೇಳದೆ ಕೊಂಡವರೂ ಅವರೇ. ಎಲ್ಲಿ ಸಿಕ್ಕಿತು ಅನ್ನೋದು ಕಳೆದುಹೋದ ನಾಣ್ಯ ಅರ್ಧ ಮೂಕ.

ಅಂಚೆಚೀಟಿಗೆ ಬರೋಣ. 1840ರ ಮೇನಲ್ಲಿ ಬ್ರಿಟನ್ನಿನಲ್ಲಿ ಪೆನ್ನಿ ಬ್ಲ್ಯಾಕ್ ಬಂತು, ಜಗತ್ತಿನ ಮೊದಲ ಅಂಟಿಸೋ ಚೀಟಿ. ಅಲ್ಲಿವರೆಗೆ ಸಾಮಾನ್ಯವಾಗಿ ಪತ್ರ ತಗೊಂಡವರು ದುಡ್ಡು ಕೊಡಬೇಕಿತ್ತು, ಬೇಡ ಅಂತ ವಾಪಸ್ ಕಳಿಸೋರೂ ಇದ್ದರು. ನಮ್ಮ ಕಡೆ 1852ರಲ್ಲಿ ಸಿಂಧ್ ಪ್ರಾಂತ್ಯದಲ್ಲಿ ಬಾರ್ಟಲ್ ಫ್ರೆರೆ ಅನ್ನೋ ಅಧಿಕಾರಿ 'ಸಿಂದೆ ಡಾಕ್' ಶುರು ಮಾಡಿದ. ಏಷ್ಯಾದ ಮೊದಲ ಅಂಚೆಚೀಟಿ ಅದು, ಅರ್ಧ ಆಣೆಯದ್ದು. ಅದರಲ್ಲಿ ಕೆಂಪು ಅರಗಿನ ಬಿಲ್ಲೆಯ ಮೇಲೆ ಒತ್ತಿದ್ದು ಒಣಗಿ ಪಟಪಟ ಅಂತ ಒಡೆದುಹೋಗ್ತಿತ್ತು. ಒಡೆಯದೆ ಉಳಿದದ್ದು ಬೆರಳೆಣಿಕೆ, ಅದಕ್ಕೇ ಅಷ್ಟು ಬೆಲೆ. 1854ರಲ್ಲಿ ಇಡೀ ದೇಶಕ್ಕೆ ಒಂದೇ ದರ ಬಂತು: ಕಾಲು ತೊಲದ ಪತ್ರ ಎಷ್ಟು ದೂರ ಹೋದರೂ ಅರ್ಧ ಆಣೆ. ಆ ವರ್ಷದ ನಾಲ್ಕಾಣೆ ಚೀಟಿ ಅಚ್ಚು ಹಾಕುವಾಗ ಕೆಲವದರಲ್ಲಿ ರಾಣಿ ವಿಕ್ಟೋರಿಯಾ ತಲೆಕೆಳಗಾಗಿಬಿಟ್ಟಳು. ಅಚ್ಚಿನ ಮನೆಯ ತಪ್ಪು ಇವತ್ತು ಜಗತ್ತಿನ ಅತ್ಯಂತ ಬೇಡಿಕೆಯ ಚೀಟಿಗಳಲ್ಲಿ ಒಂದು. ನಮ್ಮ ಮೈಸೂರು ಸಂಸ್ಥಾನಕ್ಕೆ ಚಿಕ್ಕದೇವರಾಜ ಒಡೆಯರ ಕಾಲದಿಂದ ತನ್ನದೇ ಅಂಚೆ ವ್ಯವಸ್ಥೆ ಇತ್ತು, 1889ರಲ್ಲಿ ಅದು ಬ್ರಿಟಿಷ್ ಭಾರತದ ಅಂಚೆಯೊಳಗೆ ಸೇರಿತು. ಮೈಸೂರು ತನ್ನದೇ ಚೀಟಿ ಅಚ್ಚು ಹಾಕಲೇ ಇಲ್ಲ. ಹಾಗಾಗಿ ಮೈಸೂರು ಅಂಚೆ ಅಂತ ಹುಡುಕೋರು ಹುಡುಕೋದು ಮುದ್ರೆ ಬಿದ್ದ ಹಳೇ ಪತ್ರಗಳನ್ನ. ಇದನ್ನು ನೆನಪಿಟ್ಕೊಳ್ಳಿ, ಮುಂದೆ ಬೇಕಾಗುತ್ತೆ.

ಸ್ವಾತಂತ್ರ್ಯದ ನಂತರದ ಎರಡು ಚೀಟಿ ಹೇಳಿ ಮುಂದೆ ಹೋಗ್ತೀನಿ. 1948ರ ಆಗಸ್ಟ್ 15ಕ್ಕೆ ಗಾಂಧೀಜಿಯ ನಾಲ್ಕು ಚೀಟಿ ಬಂದವು. ಜೀವನವಿಡೀ ಸ್ವದೇಶಿ ಅಂದವರ ಚೀಟಿ ಅಚ್ಚಾಗಿದ್ದು ಸ್ವಿಟ್ಜರ್‌ಲೆಂಡ್‌ನಲ್ಲಿ! ಅದರ ಕೆಲವೇ ಪ್ರತಿಗಳ ಮೇಲೆ ಗವರ್ನರ್ ಜನರಲ್ ಕಚೇರಿ ಬಳಕೆಗೆ ಅಂತ 'ಸರ್ವಿಸ್' ಎಂದು ಮರುಮುದ್ರಿಸಿದ್ದರು. ಹತ್ತು ರೂಪಾಯಿಯ ಆ ಚೀಟಿ ಸ್ವತಂತ್ರ ಭಾರತದ ಅತಿ ಅಪರೂಪದ್ದು. ಕೊನೆಗೆ 2011ರಲ್ಲಿ ಖಾದಿ ಬಟ್ಟೆಯ ಮೇಲೇ ಗಾಂಧಿ ಚೀಟಿ ಅಚ್ಚು ಹಾಕಿದರು, ಅನ್ನಿ. ಎರಡನೆಯದು 1960ರ ಸೆಪ್ಟೆಂಬರ್ 15ರ ಸರ್ ಎಂ. ವಿಶ್ವೇಶ್ವರಯ್ಯನವರ ಚೀಟಿ. ಬದುಕಿರುವವರ ಚಿತ್ರ ಚೀಟಿಯಲ್ಲಿ ಹಾಕೋದು ತೀರಾ ಅಪರೂಪ. ಅವರು ತಮ್ಮ ಚೀಟಿ ತಾವೇ ನೋಡಿದರು.

ಈಗ ಹವ್ಯಾಸದ ಒಳಗುಟ್ಟು ಹೇಳ್ತೀನಿ. ಇದು ಪುಕ್ಕಟೆ ಹವ್ಯಾಸ ಆಗಿತ್ತು. ಲಕೋಟೆಯ ಮೂಲೆ ಕತ್ತರಿಸಿ ಬಟ್ಟಲು ನೀರಲ್ಲಿ ನೆನೆಹಾಕಿ, ಚೀಟಿ ಬಿಟ್ಟುಕೊಂಡ ಮೇಲೆ ಹಳೇ ಪೇಪರ್ ಮೇಲೆ ಒಣಗಿಸಿ, ದಪ್ಪ ಪುಸ್ತಕದ ಕೆಳಗೆ ಇಡೋದು. ಮಂಗಳೂರು, ಉಡುಪಿ, ಭಟ್ಕಳ ಕಡೆಯ ಮಕ್ಕಳಿಗೆ ಇದರಲ್ಲಿ ಸುಗ್ಗಿ. ಪ್ರತಿ ಬೀದಿಯಲ್ಲೂ ಕುವೈತ್, ಬಹ್ರೇನ್, ದುಬೈಯಿಂದ ಪತ್ರ ಬರೋ ಮನೆ ಇರ್ತಿತ್ತು. ಮಗ ಕಳಿಸಿದ ಪತ್ರ ಅಮ್ಮನಿಗೆ, ಮೂಲೆಯ ಚೀಟಿ ಪಕ್ಕದ ಮನೆ ಹುಡುಗನಿಗೆ. ಮಗ್ಯಾರ್ ಅಂದ್ರೆ ಹಂಗೇರಿ, ಸುವೋಮಿ ಅಂದ್ರೆ ಫಿನ್‌ಲ್ಯಾಂಡ್, ಹೆಲ್ವೇಶಿಯಾ ಅಂದ್ರೆ ಸ್ವಿಟ್ಜರ್‌ಲೆಂಡ್ ಅಂತ ಆ ಹುಡುಗರಿಗೆ ಯಾವ ಮೇಷ್ಟ್ರೂ ಹೇಳಿಕೊಟ್ಟಿರಲಿಲ್ಲ. ದೇಶದ ಹೆಸರೇ ಇಲ್ಲದ ಚೀಟಿ ಕಂಡರೆ ಅದು ಬ್ರಿಟನ್ನಿನದು, ಮೊದಲು ಶುರು ಮಾಡಿದವರಲ್ವಾ, ಆ ಜಂಬ.

ಪುಕ್ಕಟೆ ಅನ್ನೋದು ಯಾಕೆ ಮುಖ್ಯ ಗೊತ್ತಾ? ಹುಡುಕಿ ಸಿಕ್ಕಿದ್ದಕ್ಕೂ ಕೊಂಡು ತಂದದ್ದಕ್ಕೂ ವ್ಯತ್ಯಾಸ ಇದೆ. ಇತಿಹಾಸದಲ್ಲಿ ಇದರ ಉದಾಹರಣೆ ಇದೆ. 1960ರ ದಶಕದ ಮಧ್ಯದಿಂದ 70ರ ಶುರುವಿನವರೆಗೆ ಅಜ್ಮಾನ್, ಫುಜೈರಾ, ಉಮ್ ಅಲ್ ಕುವೈನ್‌ನಂಥ ಸಣ್ಣ ಅರಬ್ ಸಂಸ್ಥಾನಗಳು ಹೊರದೇಶದ ಏಜೆಂಟರ ಜೊತೆ ಒಪ್ಪಂದ ಮಾಡಿಕೊಂಡು ಸಾವಿರಾರು ಬಗೆಯ ಬಣ್ಣಬಣ್ಣದ ಚೀಟಿ ಹೊರಡಿಸಿದವು. ಚಂದ್ರಯಾತ್ರಿಗಳು, ಒಲಿಂಪಿಕ್ಸ್, ಬೆಕ್ಕು, ಚಿಟ್ಟೆ, ಏನು ಬೇಕಾದರೂ. ಹೆಚ್ಚಿನವು ಆ ಮರಳುಗಾಡಿನ ಮುಖವನ್ನೂ ಕಂಡಿರಲಿಲ್ಲ, ಅಂಗಡಿಯಲ್ಲಿ ಪಾಕೆಟ್ ಮಾಡಿ ಮಕ್ಕಳಿಗೆ ಮಾರೋಕೆ ಅಂತಲೇ ಅಚ್ಚಾದವು. ಸಂಗ್ರಹಕಾರರು ಅವನ್ನ 'ಮರಳದಿಬ್ಬ' ಅಂತ ಅಣಕಿಸಿದರು, ದೊಡ್ಡ ಕ್ಯಾಟಲಾಗುಗಳು ಎಷ್ಟನ್ನೋ ಒಳಗೆ ಸೇರಿಸಲಿಲ್ಲ. ಇವತ್ತಿಗೂ ಅವಕ್ಕೆ ಬೆಲೆ ಇಲ್ಲ.

ಆದರೆ ಇದೇ ಆಟ ಆಡಿದ ಭೂತಾನ್ ಕತೆ ಉಲ್ಟಾ. 1972ರಲ್ಲಿ ಅವರು ಗ್ರಾಮಫೋನ್ ಮೇಲೆ ಇಟ್ಟರೆ ಹಾಡುವ ಅಂಚೆಚೀಟಿ ತಂದರು. ತಮಾಷೆ ಅಲ್ಲ, ಪುಟ್ಟ ರೆಕಾರ್ಡೇ ಚೀಟಿ. ಒಂದರಲ್ಲಿ ಭೂತಾನದ ಇತಿಹಾಸ ಹೇಳೋ ದನಿ, ಇನ್ನೊಂದರಲ್ಲಿ ಜಾನಪದ ಹಾಡು. ಅಂಚೆಚೀಟಿ ಮೇಲಿನ ಪಾಡ್‌ಕಾಸ್ಟ್! ಆಗ ಗಂಭೀರ ಸಂಗ್ರಹಕಾರರು ಮೂಗು ಮುರಿದರು, ಈಗ ರೆಕಾರ್ಡ್ ಪ್ರಿಯರೂ ಸೇರಿ ಹುಡುಕ್ತಾರೆ. ನಮ್ಮ ಅಂಚೆ ಇಲಾಖೆ 2006ರಲ್ಲಿ ಗಂಧದ ಪರಿಮಳದ ಚೀಟಿ, 2017ರಲ್ಲಿ ಕಾಫಿ ಪರಿಮಳದ್ದು ತಂದಾಗ ನಾನು ಭೂತಾನನ್ನೇ ನೆನೆಸಿಕೊಂಡೆ. ಗಂಧ, ಕಾಫಿ ಎರಡೂ ನಮ್ಮ ಸೀಮೆಯ ವಾಸನೆ, ಅದೊಂದು ಖುಷಿ.

ಈಗಿನ ಸ್ಥಿತಿ ನೋಡೋಣ. ಡೆನ್ಮಾರ್ಕ್‌ನಲ್ಲಿ ಅಂಚೆ ಶುರುವಾಗಿದ್ದು 1624ರಲ್ಲಿ. ಅಲ್ಲಿನ ಸರ್ಕಾರಿ ಒಡೆತನದ ಅಂಚೆ ಸಂಸ್ಥೆ 2025ರ ಕೊನೆಗೆ ಪತ್ರ ಹಂಚೋದನ್ನೇ ನಿಲ್ಲಿಸಿತು. 2000ನೇ ಇಸವಿಯಿಂದೀಚೆಗೆ ಪತ್ರಗಳ ಸಂಖ್ಯೆ ಶೇ 90ಕ್ಕೂ ಹೆಚ್ಚು ಕುಸಿದಿತ್ತು. ಬೀದಿಯ ಕೆಂಪು ಡಬ್ಬಿಗಳನ್ನು ಕಿತ್ತು ತೆಗೆದರು. ಖಾಸಗಿ ಕಂಪನಿಯೊಂದು ಪತ್ರ ಹಂಚ್ತಾ ಇದೆ, ಆದರೆ 400 ವರ್ಷದ ಸರಪಳಿ ತುಂಡಾಯ್ತು. ಅಮೆರಿಕ ಅದೇ ವರ್ಷ ನವೆಂಬರ್ 12ರಂದು ಚಲಾವಣೆಗೆ ಕೊನೆಯ ಪೆನ್ನಿ ನಾಣ್ಯ ಹೊಡೆಯಿತು, 1793ರಿಂದ ಬಂದದ್ದು. ನಮ್ಮಲ್ಲಿ ಟೆಲಿಗ್ರಾಂ 2013ರಲ್ಲಿ ಮುಗೀತು, 2025ರಲ್ಲಿ ರಿಜಿಸ್ಟರ್ಡ್ ಪೋಸ್ಟ್ ಸ್ಪೀಡ್ ಪೋಸ್ಟ್ ಒಳಗೆ ಸೇರಿತು. ಕೌಂಟರ್‌ನಲ್ಲಿ ಬಾರ್‌ಕೋಡ್ ಇರೋ ಸ್ಲಿಪ್ ಅಂಟಿಸ್ತಾರೆ, ಚೀಟಿ ಬೇಕಾಗಲ್ಲ. 2011ರ ಜೂನ್ 30ಕ್ಕೆ ನಾಲ್ಕಾಣೆ ಮತ್ತು ಅದಕ್ಕಿಂತ ಸಣ್ಣ ನಾಣ್ಯಗಳು ರದ್ದು. 2022ರ ಡಿಸೆಂಬರ್ 1ರಂದು ಡಿಜಿಟಲ್ ರೂಪಾಯಿಯನ್ನು ಜನಬಳಕೆಗೆ ಪ್ರಯೋಗ ಮಾಡಿದಾಗ ಮೊದಲ ನಾಲ್ಕು ನಗರಗಳಲ್ಲಿ ಬೆಂಗಳೂರೂ ಒಂದು. ಇದೇ ಬೆಂಗಳೂರಿನ ಹಲಸೂರು ಕಡೆ 2023ರಲ್ಲಿ 3ಡಿ ಪ್ರಿಂಟರ್‌ನಲ್ಲಿ ಅಂಚೆ ಕಚೇರಿಯ ಕಟ್ಟಡವನ್ನೇ ಅಚ್ಚು ಹಾಕಿದರು. ಕಟ್ಟಡ ಹೊಸದು, ಪತ್ರ ಬರೆಯೋರು ಬೇಕು.

ಹಾಗಾದ್ರೆ ಹವ್ಯಾಸ ಸತ್ತಿತಾ? ದೊಡ್ಡ ದುಡ್ಡಿನ ಕಡೆ ನೋಡಿದರೆ ಹಾಗನ್ನಿಸಲ್ಲ. 2021ರ ಜೂನ್‌ನಲ್ಲಿ ನ್ಯೂಯಾರ್ಕಿನ ಒಂದೇ ಹರಾಜಿನಲ್ಲಿ 1933ರ ಅಮೆರಿಕನ್ ಚಿನ್ನದ ನಾಣ್ಯ 1.89 ಕೋಟಿ ಡಾಲರಿಗೂ, ಬ್ರಿಟಿಷ್ ಗಯಾನಾದ ಒಂದು ಸೆಂಟ್ ಚೀಟಿ 83 ಲಕ್ಷ ಡಾಲರಿಗೂ ಹೋದವು. ಜಗತ್ತಿನಲ್ಲಿ ಆ ಚೀಟಿ ಇರೋದೇ ಒಂದು. ಕೊಂಡ ಕಂಪನಿ ಅದರ ಒಡೆತನವನ್ನು ಷೇರಿನ ಥರ ಸಾವಿರಾರು ತುಣುಕು ಮಾಡಿ ಮಾರಿತು. ಚೀಟಿ ಕೈಗೆ ಬರಲ್ಲ, ಆಪ್‌ನಲ್ಲಿ ಪಾಲು ಕಾಣುತ್ತೆ. ಇದನ್ನ ಸಂಗ್ರಹ ಅಂತ ಕರೆಯೋಕೆ ನನಗೆ ಮನಸ್ಸು ಒಪ್ಪಲ್ಲ. ಇದು ಹೂಡಿಕೆ, ಹೆಸರು ಬೇರೆ.

ಇನ್ನೊಂದು ಕಡೆ ನಿಮ್ಮ ಫೋನಿಗೆ ಬರೋ ವಿಡಿಯೊಗಳು. 'ವೈಷ್ಣೋದೇವಿ ಚಿತ್ರ ಇರೋ ಐದು ರೂಪಾಯಿ ನಾಣ್ಯ ಇದ್ದರೆ ಲಕ್ಷಾಧಿಪತಿ!' ಆ ನಾಣ್ಯ 2012ರಲ್ಲಿ ಟಂಕಸಾಲೆ ಹೊಡೆದದ್ದು, ಅಪರೂಪದ್ದೇನೂ ಅಲ್ಲ. ಆಸೆಗೆ ಬಿದ್ದು ಫೋಟೊ ಕಳಿಸಿದರೆ ಮೊದಲು 'ನೋಂದಣಿ ಶುಲ್ಕ', ಆಮೇಲೆ 'ತೆರಿಗೆ', ಜೊತೆಗೆ ರಿಸರ್ವ್ ಬ್ಯಾಂಕಿನ ಲಾಂಛನ ಇರೋ ನಕಲಿ ಪತ್ರ. ಇದು ವಂಚನೆ, ತಾನು ಇಂಥ ವ್ಯವಹಾರ ಮಾಡಲ್ಲ, ಯಾವ ಶುಲ್ಕವನ್ನೂ ಕೇಳಲ್ಲ ಅಂತ ರಿಸರ್ವ್ ಬ್ಯಾಂಕೇ 2021ರ ಆಗಸ್ಟ್‌ನಲ್ಲಿ ಎಚ್ಚರಿಸಿದೆ. ನಿಮ್ಮ ಮನೆಯ ಹಿರಿಯರಿಗೆ ಈ ಒಂದು ಭಾಗ ಕೇಳಿಸಿ ಸಾಕು. ನಾಣ್ಯದ ಹೆಸರಲ್ಲಿ ಪಿಂಚಣಿ ಕಳ್ಕೊಳ್ಳೋರು ಅವರೇ.

ಈ ಎರಡರ ನಡುವೆ ಒಂದು ಮೂರನೇ ದಾರಿ ಕಾಣ್ತಿದೆ, ನನ್ನ ಭರವಸೆ ಅಲ್ಲಿ. ಮೈಸೂರು ಅಂಚೆ ನೆನಪಿಡಿ ಅಂದಿದ್ದೆ. ಚೀಟಿ ಇಲ್ಲದಿದ್ದರೂ ಮುದ್ರೆ ಬಿದ್ದ ಕಾಗದವೇ ದಾಖಲೆ. ಈಗ ಸಂಗ್ರಹಕಾರರು ಅತ್ತ ತಿರುಗ್ತಿದ್ದಾರೆ: ಹೊಸ ಚೀಟಿಯ ಹಾಳೆ ಬೇಡ, ಊರೂರು ಸುತ್ತಿಬಂದ ಇಡೀ ಲಕೋಟೆ ಬೇಕು. ಶರಾವತಿ ಹಿನ್ನೀರಲ್ಲಿ ಊರುಗಳು ಮುಳುಗಿದವು. ಅಂಥ ಊರಿನ ಅಂಚೆ ಮುದ್ರೆ ಬಿದ್ದ ಒಂದು ಕಾರ್ಡು ಯಾರದ್ದೋ ಟ್ರಂಕಿನಲ್ಲಿ ಇದ್ದರೆ, ಆ ಊರಿನ ಹೆಸರು, ತಾರೀಖು, ಬರೆದವರ ಕೈಬರಹ ಎಲ್ಲ ಅದರಲ್ಲಿರುತ್ತೆ. ಚೀಟಿಯ ಬೆಲೆ ಎರಡು ರೂಪಾಯಿ ಇರಬಹುದು. ಅದನ್ನು ಕತ್ತರಿಸಿ ನೀರಲ್ಲಿ ನೆನೆಹಾಕಿಬಿಟ್ಟರೆ ಊರು ಎರಡನೇ ಸಲ ಮುಳುಗಿದ ಹಾಗೆ. ನಾವು ಹುಡುಗರಾಗಿದ್ದಾಗ ಎಲ್ಲರೂ ಮಾಡ್ತಿದ್ದದ್ದು ಅದನ್ನೇ!

ನಾಣ್ಯದಲ್ಲೂ ಹಾಗೇ. ಚಿನ್ನದ ವರಹ ನನ್ನ ನಿಮ್ಮ ಸಂಬಳಕ್ಕೆ ಎಟುಕಲ್ಲ. ಆದರೆ ಅಮ್ಮನ ದೇವರಮನೆ ಹುಂಡಿಯಲ್ಲಿರೋ ಚಿಲ್ಲರೆ ಸುರಿದು ಇಸವಿಯ ಕೆಳಗೆ ನೋಡಿ. ವಜ್ರದ ಗುರುತಿದ್ದರೆ ಮುಂಬೈ, ನಕ್ಷತ್ರ ಇದ್ದರೆ ಹೈದರಾಬಾದ್, ಚುಕ್ಕಿ ಇದ್ದರೆ ನೋಯ್ಡಾ, ಏನೂ ಇಲ್ಲದಿದ್ದರೆ ಕೋಲ್ಕತ್ತಾ. ಒಂದೊಂದು ಇಸವಿಗೆ ನಾಲ್ಕೂ ಟಂಕಸಾಲೆ ಸೇರಿಸೋಕೆ ಹೊರಟರೆ ವರ್ಷ ಸಾಲಲ್ಲ, ಖರ್ಚು ಮುಖಬೆಲೆ ಅಷ್ಟೇ. ಒಂದು ವಿನಂತಿ, ಹಳೇ ತಾಮ್ರ ಸಿಕ್ಕರೆ ಹುಣಸೆಹಣ್ಣು ಹಾಕಿ ಫಳಫಳ ಉಜ್ಜಬೇಡಿ. ಮೇಲಿನ ಕಂದು ಪದರವೇ ಅದರ ವಯಸ್ಸಿನ ಸಾಕ್ಷಿ, ಉಜ್ಜಿದರೆ ಬೆಲೆಯೂ ಹೋಯ್ತು, ಅಕ್ಷರವೂ ಸವೆಯಿತು. ಫೋನ್ ಇಲ್ಲಿ ಒಳ್ಳೇ ಕೆಲಸಕ್ಕೆ ಬರುತ್ತೆ: ಎರಡೂ ಬದಿ ಫೋಟೊ, ತೂಕ, ಎಲ್ಲಿ ಸಿಕ್ಕಿತು, ಯಾರು ಕೊಟ್ಟರು ಅಂತ ಒಂದು ನೋಟ್. ಹಿಂದಿನ ತಲೆಮಾರು ಮಾಡದೇ ಬಿಟ್ಟದ್ದು ಇದನ್ನೇ. ಶಾಲೆಗೆ ಹೋಗೋ ತಮ್ಮ ತಂಗಿ ಇದ್ದರೆ ಅಂಚೆ ಇಲಾಖೆಯ 'ಸ್ಪರ್ಶ್' ವಿದ್ಯಾರ್ಥಿವೇತನದ ಬಗ್ಗೆ ಹೇಳಿ. 2017ರಲ್ಲಿ ಶುರುವಾದದ್ದು, 6ರಿಂದ 9ನೇ ತರಗತಿಯವರಿಗೆ, ಆಯ್ಕೆಯಾದರೆ ವರ್ಷಕ್ಕೆ 6,000 ರೂಪಾಯಿ.

ಕೊನೆಗೆ ಒಂದು ಮಜಾ ಲೆಕ್ಕ. ನಮ್ಮ ಅಂಗಡಿಗಳಲ್ಲಿ ಯಾರೂ ಮುಟ್ಟದ ಎಂಟಾಣೆ, ಅಂದ್ರೆ 50 ಪೈಸೆ ನಾಣ್ಯ, ರದ್ದಾಗಿಲ್ಲ. ಹತ್ತು ರೂಪಾಯಿ ಮೊತ್ತದವರೆಗೆ ಅದು ಕಾನೂನುಬದ್ಧ ಹಣ. ಮತ್ತೆ ಅಂಚೆ ಕಚೇರಿಯ ಮಾಮೂಲಿ ಪೋಸ್ಟ್‌ಕಾರ್ಡಿನ ಬೆಲೆಯೂ ಸರಿಯಾಗಿ 50 ಪೈಸೆ. ಡಬ್ಬಿಯಲ್ಲಿ ಎಂಟಾಣೆ ಸಿಕ್ಕರೆ ನಿಮ್ಮ ಊರಿನ ಅಂಚೆ ಕಚೇರಿಗೆ ಹೋಗಿ ಕಾರ್ಡು ತಗೊಳ್ಳಿ, ಅಜ್ಜಿಗೋ ಸ್ನೇಹಿತರಿಗೋ ನಾಲ್ಕು ಸಾಲು ಬರೀರಿ, 'ಮುದ್ರೆ ಸ್ವಲ್ಪ ಸ್ಪಷ್ಟವಾಗಿ ಒತ್ತಿ ಸರ್' ಅಂತ ಕೇಳಿ. ಗುಮಾಸ್ತರು ನಾಣ್ಯ ನೋಡಿ ಒಂದು ಕ್ಷಣ ಮುಖ ನೋಡಬಹುದು. ಕೊಡಿ, ಅವರು ತಗೋಬೇಕು.